ಆವಲಪ್ಪನವರ ಬಾವಿ, ಬಡಗುಬೈಲಿನ ಕಡಲು

ಗೌರಿಬಿದನೂರು
12 ಅಕ್ಟೋಬರ್ 2024

ಸಂಘಮಿತ್ರತ್ತೆಗೆ,

ಪ್ರೀತಿ ಉಕ್ಕಿ ಬಂದು ಕಾಗದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಅಪ್ಪ ನನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಸೆಕೆಂಡ್ ಪಿಯು ಪರೀಕ್ಷೆ ಮುಗಿಯುವವರೆಗೆ ಅದರ ಮುಖ ನೋಡುವ ಹಾಗಿಲ್ಲವಂತೆ. ಅಪ್ಪನ ಫೋನಿನಿಂದ ಮಾತಾಡಬಹುದು, ಆದರೆ ಅಪ್ಪ ಗಂಗರಾಜು ಮೇಷ್ಟ್ರಾಗಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಿನ್ನ ಅಣ್ಣನ ಬುದ್ಧಿ ನಿನಗೆ ಗೊತ್ತಿಲ್ಲದ್ದೇನಲ್ಲ. ಪೋಸ್ಟ್ ಆಫೀಸಾದರೆ ಕಾಲೇಜಿನ ಎದುರಿಗೇ ಇದೆ, ಅಲ್ಲಿ ಯಾರೂ ಮೇಷ್ಟ್ರಲ್ಲ.

ಈಗ ಸುದ್ದಿ ಕೇಳು. ಫೆಬ್ರವರಿಯಲ್ಲಿ ನಿಮ್ಮ ಬಡಗುಬೈಲಿನ ಕಡಲಲ್ಲಿ ಈಜಿನ ಸ್ಪರ್ಧೆ ಇದೆ. ದಡದಿಂದ ಹೊರಟು, ಗುರುತಿಗೆಂದು ನೀರಲ್ಲಿ ತೇಲಿಸಿ ಕಟ್ಟುವ ಕೆಂಪು ಬುರುಡೆಗಳನ್ನು ಸುತ್ತಿ ವಾಪಸು ಬರಬೇಕು. ನಾನು ಹೆಸರು ಕೊಟ್ಟಿದ್ದೇನೆ. ಭಾನುವಾರ ಚಿಕ್ಕಬಳ್ಳಾಪುರದ ಈಜುಕೊಳಕ್ಕೆ ಹೋಗುತ್ತೇನಲ್ಲ, ಅಲ್ಲಿಯ ಕೋಚ್ ಮಧುಸೂದನ್ ಸರ್ ಅವರೇ ಅರ್ಜಿ ಹಾಕಿಸಿದರು. "ನಮ್ ಕಡೆಯವ್ರು ಸಮುದ್ರಕ್ಕೆ ಹೋದ್ರೆ ಪ್ಯಾಂಟ್ ಮಡಚ್ಕೊಂಡು ಫೋಟೋ ತೆಗೆಸ್ಕೊಂಡು ಬರ್ತಾರೆ ಅಷ್ಟೆ. ನೀನು ಒಳಕ್ ಹೋಗಿ ಬಾರಮ್ಮ" ಎಂದರು. ಅಪ್ಪ ಒಪ್ಪಿದ್ದಾರೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಯಾರಾದರೂ ಸಮುದ್ರಕ್ಕೆ ಬೀಳುತ್ತಾರಾ ಎಂದು ಗೊಣಗಿದರು, ಆಮೇಲೆ ತಾವೇ ಹೋಗಿ ಈಜುಡುಗೆ ತಂದರು.

ಅಜ್ಜಿಗೂ ಹೇಳಿದೆ. ಅವಳು ಕೇಳಿದಳು. "ಸಮುದ್ರ ಯಾರ್ದಮ್ಮಾ?"

"ಯಾರ್ದೂ ಅಲ್ಲ ಅಜ್ಜಿ."

"ಏಮ್ಮಾ, ಯಾರ್ದೂ ಅಲ್ದೇ ಇರೋ ನೀರೂ ಇರ್ತದೇನೇ?"

ಇದಕ್ಕೆ ನೀನೇ ಉತ್ತರ ಬರಿ. ವಾರವಾರ ದೋಣಿಯಲ್ಲಿ ಹೋಗಿ ಕಡಲ ನೀರು ಪರೀಕ್ಷೆ ಮಾಡುವವಳು ನೀನು. ಅಲೆ ಮುಖಕ್ಕೆ ಬಡಿದರೆ ಹೇಗಿರುತ್ತದೆ? ಕಣ್ಣು ಬಿಟ್ಟರೆ ಒಳಗೆ ಏನು ಕಾಣುತ್ತದೆ? ನಾನು ದಿನಾ ಬೆಳಿಗ್ಗೆ ಅಂಗಾತ ತೇಲುತ್ತಾ ಕಿವಿಯನ್ನು ನೀರೊಳಗೆ ಬಿಟ್ಟು ಕಡಲನ್ನು ಊಹಿಸಿಕೊಳ್ಳುತ್ತೇನೆ. ಆಗ ಲೋಕದ ಸದ್ದೆಲ್ಲ ನಿಂತು ಆಕಾಶ ಮಾತ್ರ ಉಳಿಯುತ್ತದೆ. ಕಡಲೂ ಹಾಗೆಯೇ ಇರುತ್ತದಾ?

ನಿನ್ನ
ಹರಿಣಿ


ಬಡಗುಬೈಲು
27 ಅಕ್ಟೋಬರ್ 2024

ಹರಿಣಮ್ಮನಿಗೆ,

ನಿನ್ನ ಕಾಗದವನ್ನು ದೋಣಿಗೇ ತೆಗೆದುಕೊಂಡು ಹೋಗಿದ್ದೆ. ದೋಣಿಯವರು "ಯಾರದು ಮೇಡಂ, ಲವ್ ಲೆಟರಾ?" ಎಂದು ಕಿಚಾಯಿಸಿದರು. ಹೌದು ಎಂದೆ.

ಬೆಳಿಗ್ಗೆ ನಾವು ಹೊರಡುವಾಗ ನೀರಿನ ಮೇಲೆ ಮಂಜು ಕೂತಿರುತ್ತದೆ. ಊರು ಕಾಣುವುದಿಲ್ಲ, ದಡ ಕಾಣುವುದಿಲ್ಲ. ದೋಣಿಯ ಎಂಜಿನ್ ಆರಿಸಿದ ಮೇಲೆ ನಾವು ಎಲ್ಲಿದ್ದೇವೆ ಎಂದೇ ಮರೆತುಹೋಗುತ್ತದೆ. ಆಗ ನಾನು ಒಂದು ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತೇನೆ. ಅರ್ಧ ಕಪ್ಪು ಅರ್ಧ ಬಿಳಿ ಬಣ್ಣದ, ಮುದ್ದೆ ತಿನ್ನುವ ತಟ್ಟೆಯಷ್ಟೇ ಅಗಲದ ತಟ್ಟೆ. ಅದು ಇಳಿಯುತ್ತಾ ಮಸುಕಾಗಿ, ಹಸಿರಾಗಿ, ಕೊನೆಗೆ ಇಲ್ಲವಾಗುತ್ತದೆ. ಎಷ್ಟು ಆಳಕ್ಕೆ ಇಲ್ಲವಾಯಿತು ಎಂದು ಬರೆದುಕೊಂಡರೆ ನೀರು ಎಷ್ಟು ತಿಳಿಯಾಗಿದೆ ಎಂದು ತಿಳಿಯುತ್ತದೆ. ಆಮೇಲೆ ಬಾಟಲಿಗಳನ್ನು ತುಂಬಿಕೊಂಡು ಲ್ಯಾಬಿಗೆ ಬರುತ್ತೇವೆ. ಸಂಬಳ ಕೊಟ್ಟು ಕನಸು ಕಾಣಿಸುವ ಕೆಲಸ ಇದು ಎಂದು ಎಷ್ಟೋ ಸಲ ಅನಿಸಿದೆ.

ಕಳೆದ ವಾರ ಸಂಜೆ ಕತ್ತಲಾದ ಮೇಲೆ ಅಲೆಗಳೆಲ್ಲ ನೀಲಿಯಾಗಿ ಹೊಳೆದವು. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಗಳು, ನೀರು ಅಲುಗಿದರೆ ಬೆಳಗುತ್ತವೆ. ಮಕ್ಕಳು ಮರಳಿನ ಮೇಲೆ ಓಡಿದರೆ ಹೆಜ್ಜೆ ಹೆಜ್ಜೆಗೂ ಬೆಳಕು. ನೀನು ಇರಬೇಕಿತ್ತು ಎಂದು ತುಂಬ ಅನಿಸಿತು.

ಅಮ್ಮನಿಗೆ ಹೇಳು, ಸಮುದ್ರ ಯಾರದೂ ಅಲ್ಲ. ಅದಕ್ಕೇ ಎಲ್ಲರೂ ಅದಕ್ಕೆ ಏನು ಬೇಕಾದರೂ ಹಾಕುತ್ತಾರೆ. ಬೇಡ, ಎರಡನೆಯ ವಾಕ್ಯ ಹೇಳಬೇಡ.

ನನಗೆ ಕಡಲಿಗಿಂತ ದೊಡ್ಡದಾಗಿ ಕಾಣುತ್ತಿರುವುದು ನೀನು ಈಜುತ್ತಿರುವ ಬಾವಿ. ವಿದುರಾಶ್ವತ್ಥದ ಹತ್ತಿರ ನಮ್ಮ ಹಳೆಯ ಊರಲ್ಲಿ ಆವಲಪ್ಪನವರ ತೋಟದ ಬಾವಿಗೆ ನಿನ್ನ ಅಜ್ಜಿ ಬಿಂದಿಗೆ ಹಿಡಿದು ಹೋಗುತ್ತಿದ್ದಳು. ಕಟ್ಟೆ ಹತ್ತುವ ಹಾಗಿರಲಿಲ್ಲ. ಯಾರಾದರೂ ಬಂದು ಸೇದಿ ಮೇಲಿನಿಂದ ಸುರಿಯುವವರೆಗೆ ದೂರ ನಿಲ್ಲಬೇಕಿತ್ತು. ಅವಳ ಸೆರಗು ಹಿಡಿದು ನಾನೂ ನಿಂತಿದ್ದೇನೆ. "ನೀರು ಮುಟ್ಟಬೇಡ್ರೇ" ಎನ್ನುವ ದನಿ ಇವತ್ತಿಗೂ ಕಿವಿಯಲ್ಲಿದೆ. ಆ ಬಾವಿ ಒಣಗಿದಾಗ, ಸುಳ್ಳೇಕೆ, ನನಗೆ ಖುಷಿಯಾಗಿತ್ತು. ಮೂರು ವರ್ಷದ ಹಿಂದೆ ಮಳೆ ಸುರಿದು ಅದಕ್ಕೆ ಮತ್ತೆ ನೀರು ಬಂತು. ಅವರ ಮೊಮ್ಮಗಳು ಶೋಭಾರಾಣಿ ನಿನ್ನ ಗೆಳತಿಯಾಗಿ ಕೈಹಿಡಿದು ಕರೆದುಕೊಂಡು ಹೋಗಿ ಅದರಲ್ಲೇ ನಿನಗೆ ಈಜು ಕಲಿಸಿದಳು. ಇದಕ್ಕಿಂತ ದೊಡ್ಡ ಪವಾಡವನ್ನು ನಾನು ಕಂಡಿಲ್ಲ.

ನನಗೊಂದು ಆಸೆ. ಆ ಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಕಳಿಸು. ಪರೀಕ್ಷೆಗಲ್ಲ. ನನ್ನ ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ.

ನಿನ್ನ ಅತ್ತೆ
ಸಂಘಮಿತ್ರ


ಗೌರಿಬಿದನೂರು
20 ನವೆಂಬರ್ 2024

ಅತ್ತೆ,

ಬಾಟಲಿ ಕಳಿಸಿದ್ದೇನೆ. ಮಧುಸೂದನ್ ಸರ್ ಅವರ ತಮ್ಮ ಆ ಕಡೆಗೆ ಬರುವವರಿದ್ದರು, ಅವರ ಕೈಯಲ್ಲಿ ಕೊಟ್ಟೆ. ಬಸ್ಸು, ಮದುವೆಮನೆ ಎಲ್ಲ ಸುತ್ತಿಕೊಂಡು ಬರುತ್ತದೆ, ತಡವಾದರೆ ಬೈಯಬೇಡ. ಜ್ಯೂಸಿನ ಬಾಟಲಿಯನ್ನು ಸೋಪು ಹಾಕಿ ತೊಳೆದು ತುಂಬಿದ್ದೇನೆ.

ನಿನ್ನ ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ, ನೀನು ಬೇಡ ಎಂದ ವಾಕ್ಯ ಬಿಟ್ಟು. ನೀಲಿ ಅಲೆಯ ಕಥೆಯನ್ನು ಎರಡು ಸಲ ಓದಿಸಿದಳು. ಬಾವಿಯ ವಿಷಯ ಬಂದಾಗ ಹೊರಗೆ ಹೋಗಿ ಎದುರುಮನೆಯ ಚಿಕ್ಕವೆಂಕಟಮ್ಮನವರಿಗೆ ಕೇಳುವ ಹಾಗೆ, "ನಮ್ ಹರಿಣಿ ಈಗ ಆ ಬಾವೀಲೇ ಮುಳುಗಿ ಏಳ್ತಾಳೆ ಕಣವ್ವ" ಎಂದಳು. ವಾರಕ್ಕೊಂದು ಸಲ ಹೀಗೆ ಯಾರಿಗಾದರೂ ಹೇಳದೆ ಇದ್ದರೆ ಅವಳಿಗೆ ಊಟ ಸೇರುವುದಿಲ್ಲ.

ಅಭ್ಯಾಸ ಚೆನ್ನಾಗಿ ನಡೆಯುತ್ತಿದೆ. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ ಈಜಿಬಿಟ್ಟು ಕಾಲೇಜಿಗೆ ಹೋಗುತ್ತೇನೆ. ಈಗೀಗ ತುಂಬ ದೂರ ನೇರವಾಗಿ ಹೋಗಬಲ್ಲೆ. ಒಂದು ಕಿವಿ ಗುಂಯ್ ಎನ್ನುತ್ತದೆ, ಕಡಲಿನ ಸದ್ದು ಈಗಲೇ ಶುರುವಾಯಿತು ಎಂದು ಸುಮ್ಮನಿದ್ದೇನೆ.

ಒಂದು ಕನಸು ಬಿತ್ತು. ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಕಡಲು ಮೆಲ್ಲಗೆ ನಡೆದುಕೊಂಡು ಬರುತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಬ್ಯಾಗು ಹಿಡಿದು ಅದಕ್ಕಾಗಿ ಕಾಯುತ್ತಿದ್ದಾರೆ. ಕಂಡಕ್ಟರ್ "ಒಳಗೆ ಜಾಗ ಇದೆ, ಬನ್ನಿ ಬನ್ನಿ" ಎಂದು ಕೂಗುತ್ತಿದ್ದಾನೆ. ನಾನು ಹತ್ತಿದೆ.

ನಿನ್ನ
ಹರಿಣಿ


ಬಡಗುಬೈಲು
8 ಡಿಸೆಂಬರ್ 2024
(ಕಳಿಸದೆ ಉಳಿಸಿಕೊಂಡದ್ದು)

ಹರಿಣಿ,

ಪರೀಕ್ಷೆಗಲ್ಲ ಎಂದಿದ್ದೆ. ಆದರೆ ನಿನ್ನ ಬಾಟಲಿ ಕಿಟಕಿಯ ಬಿಸಿಲಿಗೆ ಮೂರೇ ದಿನದಲ್ಲಿ ಹಸಿರಾಯಿತು. ಅಲ್ಲಾಡಿಸಿದರೆ ನೊರೆ ನಿಂತಿತು. ಇಷ್ಟು ವರ್ಷ ಇದೇ ಕೆಲಸ ಮಾಡಿದ ಕೈ ಸುಮ್ಮನಿರಲಿಲ್ಲ. ಪರೀಕ್ಷೆ ಮಾಡಿದೆ. ಬಸ್ಸಿನ ಬಿಸಿಲಲ್ಲಿ ಬಂದ ನೀರಿನ ಕ್ರಿಮಿಗಳ ಲೆಕ್ಕವನ್ನು ನಂಬಬಾರದು, ಬಾಟಲಿಗೆ ಹಾಕಿದ ಸೋಪಿನಿಂದ ನೊರೆ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದರಲ್ಲಿದ್ದ ಅಮೋನಿಯಾ ಬಸ್ಸಿನಲ್ಲಿ ಹುಟ್ಟಿದ್ದಲ್ಲ. ಅದು ಚರಂಡಿಯ ಗುರುತು. ಆ ಬಾವಿಯ ಪಕ್ಕ ಯಾರೋ ಪಾಯಿಖಾನೆಯ ಗುಂಡಿ ತೋಡಿರಬೇಕು. ನಿನ್ನ ಕಿವಿಯಲ್ಲಿ ಗುಂಯ್ ಎನ್ನುವುದು ಕಡಲಲ್ಲ ಮಗಳೇ, ಸೋಂಕು.

ಇನ್ನೊಂದು ವಿಷಯ. ನೀನು ಇಳಿಯಬೇಕಾದ ಕಡಲೂ ಹೀಗೆಯೇ ಇದೆ. ನಮ್ಮ ದಡದ ತುದಿಯಲ್ಲಿ ಒಂದು ದೊಡ್ಡ ಹಳ್ಳ, ಇಲ್ಲಿಯವರು ತೋಡು ಎನ್ನುತ್ತಾರೆ, ಕಡಲಿಗೆ ಸೇರುತ್ತದೆ. ಅದರಲ್ಲಿ ಅರ್ಧ ನಗರದ ಕೊಳಚೆ ಬರುತ್ತದೆ. ನಿನ್ನ ಮೊದಲ ಕಾಗದ ಬಂದ ದಿನವೇ ನನಗೆ ಇದು ಗೊತ್ತಿತ್ತು. ನೀಲಿ ಅಲೆಯೂ ಈ ಸಲ ಆ ಕೊಳಚೆಯನ್ನು ಉಂಡೇ ಅಷ್ಟು ಬೆಳಗಿದ್ದು. ನೀರು ಸರಿಯಿಲ್ಲ ಎನ್ನುವ ವರದಿಗೆ ನಾಳೆ ನಾನು ಸಹಿ ಹಾಕುತ್ತೇನೆ.

ನಿನಗೆ ಹೇಗೆ ಹೇಳಲಿ? ನೀರಿಗೆ ಇಳಿಯಬೇಡ ಎನ್ನಬೇಕು. ನಮ್ಮ ಮನೆಯವರಿಗೆ ಆ ಮಾತನ್ನು ಯಾರು ಹೇಳುತ್ತಿದ್ದರು ಎಂದು ಗೊತ್ತಿದ್ದೂ, ಆ ಮನೆಯಲ್ಲಿ ಮೊದಲ ಸಲ ನೀರಿಗೆ ಇಳಿದವಳಿಗೆ ಅದೇ ಮಾತನ್ನು ನಾನು ಹೇಳಬೇಕು. ನನ್ನ ಕೈಲಾಗುತ್ತಿಲ್ಲ.


ಬಡಗುಬೈಲು
8 ಡಿಸೆಂಬರ್ 2024

ಹರಿಣಮ್ಮನಿಗೆ,

ಬಾಟಲಿ ತಲುಪಿತು. ಮೇಜಿನ ಮೇಲಿದೆ.

ಬಾವಿಯ ಸುತ್ತ ಈಗ ಏನೇನಿದೆ? ಹತ್ತಿರದಲ್ಲಿ ಯಾರಾದರೂ ಹೊಸ ಮನೆ ಕಟ್ಟಿದ್ದಾರಾ? ಸುಮ್ಮನೆ ಕೇಳಿದೆ. ಚಳಿಗಾಲ ಅಲ್ಲವಾ, ಕೆಲವು ದಿನ ಬಾವಿಗೆ ಹೋಗದೆ ಬರೀ ಈಜುಕೊಳದಲ್ಲಿ ಅಭ್ಯಾಸ ಮಾಡಿದರೆ ಆಗುವುದಿಲ್ಲವಾ? ಅವರಿಗೂ ದಿನಾ ತೊಂದರೆ ಕೊಟ್ಟ ಹಾಗೆ ಆಗಬಾರದು. ಕಿವಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸು. ಓದಿನ ಕಡೆ ಗಮನ ಕೊಡು. ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ ಕನಸು ನನಗೆ ಇಷ್ಟವಾಯಿತು. ನನಗೂ ಒಂದು ಬಿತ್ತು. ಅಮ್ಮ ಬಾವಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದಾಳೆ, ಸುರಿಯಬೇಕಾದವಳು ನಾನು. ನಾನು ಸುರಿಯುತ್ತಿಲ್ಲ. ಎಚ್ಚರವಾದಾಗ ಬೆಳಗಾಗಿತ್ತು.

ಅತ್ತೆ


ಗೌರಿಬಿದನೂರು
2 ಜನವರಿ 2025

ಅತ್ತೆ,

ಭಾನುವಾರ ಮಧುಸೂದನ್ ಸರ್ ಹೇಳಿದರು. "ಸ್ಪರ್ಧೆ ಕ್ಯಾನ್ಸಲ್ ಆಗೋ ಥರ ಇದೆ ಕಣಮ್ಮ. ನೀರು ಸರಿಯಿಲ್ಲ ಅಂತ ಅಲ್ಲಿ ಲ್ಯಾಬಿನ ಮೇಡಂ ಯಾರೋ ಬರ್ದು ಕೊಟ್ಟಿದಾರಂತೆ."

ಯಾರೋ ಮೇಡಂ! ಊರಿಗೆಲ್ಲ ಬರೆದು ಕೊಟ್ಟೆ, ನನಗೆ ಬರೆಯಲು ಮಾತ್ರ ನಿನ್ನ ಪೆನ್ನಿನಲ್ಲಿ ಇಂಕು ಇರಲಿಲ್ಲ. ನನಗೆ ಮಂಜು ಕಳಿಸಿದೆ, ನೀಲಿ ಅಲೆ ಕಳಿಸಿದೆ, ಓದಿನ ಕಡೆ ಗಮನ ಕೊಡು ಎಂದು ಅಪ್ಪನ ಡೈಲಾಗೂ ಕಳಿಸಿದೆ.

ಅದನ್ನಾದರೂ ಬಿಡುತ್ತೇನೆ. "ಅವರಿಗೆ ದಿನಾ ತೊಂದರೆ ಕೊಡಬಾರದು" ಎಂದೆಯಲ್ಲ, ಅದನ್ನು ಓದಿ ನನಗೆ ಅಳು ಬಂತು. ನಿನಗೆ ಯಾರು ಹೇಳಿದರು? ಶೋಭಾ ನಿನಗೆ ಬರೆದಳಾ? ನೀನೂ ಅವರ ಕಡೆಯಾ?

ನಾನೇ ಹೇಳಿಬಿಡುತ್ತೇನೆ. ಸೆಪ್ಟೆಂಬರಿನಿಂದ ನಾನು ಆ ಬಾವಿಗೆ ಹೋಗುತ್ತಿಲ್ಲ. ಒಂದು ದಿನ ಈಜು ಮುಗಿಸಿ ಹೊರಟವಳು ಟವೆಲ್ ಮರೆತು ವಾಪಸು ಹೋದೆ. ಮೋಟಾರು ಓಡುತ್ತಿತ್ತು. ನೀರು ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಿರಲಿಲ್ಲ, ಪೈಪು ತಿರುಗಿಸಿ ಹಳ್ಳಕ್ಕೆ ಬಿಟ್ಟಿದ್ದರು. ಶೋಭಾಳ ಅಜ್ಜಿ ಕದಿರಮ್ಮ ಪಕ್ಕದಲ್ಲಿ ನಿಂತಿದ್ದರು. ನನ್ನನ್ನು ನೋಡಿ ನಗುತ್ತಲೇ, "ನೀರು ಹಳೇದಾಗಿತ್ತಮ್ಮ. ತೆಗ್ದ್ ಬಿಡ್ತಿದೀನಿ. ಹೊಸಾ ನೀರು ಊರ್ಲಿ" ಎಂದರು. ಶೋಭಾ ನೆಲ ನೋಡುತ್ತಿದ್ದಳು. ಆಗ ನನಗೆ ಗೊತ್ತಾಯಿತು, ನಾನು ಬಂದುಹೋದ ದಿನವೆಲ್ಲ ಹೀಗೇ ಆಗುತ್ತಿತ್ತು. ಅವಳಿಗೆ ಮೊದಲಿಂದ ಗೊತ್ತಿತ್ತು.

ಮನೆಯಲ್ಲಿ ಹೇಳಲಿಲ್ಲ. ಹೇಗೆ ಹೇಳುವುದು? ಅಜ್ಜಿ ಚಿಕ್ಕವೆಂಕಟಮ್ಮನವರಿಗೆ ಏನು ಹೇಳುತ್ತಾಳೆ ಆಮೇಲೆ?

ಅವತ್ತಿನಿಂದ ಊರಾಚೆಯ ಗೊಲ್ಲಚೆರುವಿನಲ್ಲಿ ಈಜುತ್ತೇನೆ. ಅದು ಕೆರೆ, ಯಾರ ಅಪ್ಪಣೆಯೂ ಬೇಡ, ಯಾರೂ ಮೋಟಾರು ಹಾಕಿ ಖಾಲಿ ಮಾಡಲಾರರು. ಒಂದು ಮೂಲೆಯಲ್ಲಿ ಬಡಾವಣೆಯ ಚರಂಡಿ ಬಂದು ಬೀಳುತ್ತದೆ, ನಾನು ಆಚೆ ದಡದಲ್ಲಿ ಈಜುತ್ತೇನೆ. ನಿನ್ನ ಮೇಜಿನ ಮೇಲಿರುವುದು ಆ ಕೆರೆಯ ನೀರು. ಬಾವಿ ನೀರು ಬೇಕು ಎಂದು ನೀನು ಅಷ್ಟು ಆಸೆಯಿಂದ ಕೇಳಿದ್ದೆ, ಮತ್ತೆ ಆ ಕಟ್ಟೆ ಹತ್ತಲು ನನಗೆ ಆಗಲಿಲ್ಲ.

ಸ್ಪರ್ಧೆ ಇಲ್ಲದಿದ್ದರೂ ಫೆಬ್ರವರಿಯಲ್ಲಿ ಬರುತ್ತೇನೆ. ಕಡಲಿಗೆ ಇಳಿದೇ ಇಳಿಯುತ್ತೇನೆ. ಯಾರು ಬೇಡ ಎನ್ನುತ್ತಾರೋ ನೋಡುತ್ತೇನೆ. ಅಲ್ಲಿಯವರೆಗೆ ದಿನಾ ಕೆರೆಗೆ ಹೋಗುತ್ತೇನೆ. ಕಿವಿಯಿಂದ ನೀರು ಸೋರುತ್ತದೆ, ಸೋರಲಿ.

ಹರಿಣಿ


ಬಡಗುಬೈಲು
6 ಜನವರಿ 2025
(ಸ್ಪೀಡ್ ಪೋಸ್ಟ್)

ಹರಿಣಿ,

ಆ ಕೆರೆಗೆ ಇಳಿಯಬೇಡ. ಇವತ್ತಿನಿಂದಲೇ. ಇದನ್ನು ಒಂದು ತಿಂಗಳ ಹಿಂದೆಯೇ ಬರೆಯಬೇಕಿತ್ತು.

ಕಿವಿ ಸೋರುವುದು ತಮಾಷೆಯಲ್ಲ. ಕಿವಿಯ ತಮಟೆಗೆ ತೂತು ಬಿದ್ದರೆ ಮುಂದೆ ಯಾವ ನೀರಿಗೂ ಇಳಿಯಲಾಗದ ಹಾಗೆ ಆಗಬಹುದು. ಈ ಕಾಗದ ತಲುಪುವ ಮೊದಲೇ ನಿನ್ನ ಅಪ್ಪನಿಗೆ ಫೋನ್ ಮಾಡಿ ಕಿವಿಯ ವಿಷಯ ಹೇಳಿರುತ್ತೇನೆ. ಬಾವಿಯ ವಿಷಯ ಹೇಳಿಲ್ಲ. ಅದು ನಿನ್ನದು. ಹೇಳುವುದೂ ಬಿಡುವುದೂ ನಿನಗೆ ಬಿಟ್ಟಿದ್ದು.

ಶೋಭಾ ನನಗೆ ಏನೂ ಬರೆದಿಲ್ಲ. ಕೆರೆಯ ನೀರನ್ನು ಬಾವಿಯದು ಎಂದುಕೊಂಡು ಪರೀಕ್ಷೆ ಮಾಡಿದೆ, ಬಾವಿ ಕೆಟ್ಟಿದೆ ಎಂದು ತಿಳಿದೆ. ಇಳಿಯಬೇಡ ಎಂದು ನೇರವಾಗಿ ಬರೆದ ಕಾಗದ ಇಲ್ಲೇ ಮೇಜಿನ ಡ್ರಾಯರಿನಲ್ಲಿ ಉಳಿಯಿತು. ನಿನಗೆ ಕಳಿಸಿದ್ದು ಸುತ್ತುಬಳಸಿ ಬರೆದ ಇನ್ನೊಂದು. ಅದೇ ನಿನಗೆ ಚುಚ್ಚಿತು. ಇವತ್ತು ಡ್ರಾಯರಿನಿಂದ ತೆಗೆದು ಓದಿ ನೋಡಿದೆ, ಕಳಿಸದೆ ಉಳಿದದ್ದೇ ಒಳ್ಳೆಯ ಕಾಗದ. ಅದನ್ನೂ ಈ ಲಕೋಟೆಯಲ್ಲೇ ಕಳಿಸುತ್ತಿದ್ದೇನೆ.

ವರದಿಗೆ ಸಹಿ ಹಾಕಿದ ಮೇಡಂ ನಾನೇ. ಪ್ರತಿ ವಾರವೂ ಮುಂದಿನ ವಾರ ನೀರು ಸುಧಾರಿಸುತ್ತದೆ ಎಂದು ಕಾದೆ. ತಟ್ಟೆ ಇಳಿಸುವಾಗ ಇವತ್ತು ಇನ್ನೊಂದು ಮೊಳ ಹೆಚ್ಚು ಕಾಣಲಿ ಎಂದು ಬೇಡಿಕೊಂಡೆ. ಲ್ಯಾಬಿನವಳು ಹಾಗೆಲ್ಲ ಬೇಡಿಕೊಳ್ಳಬಾರದು. ನೀನು ಒಬ್ಬಳೇ ಆಗಿದ್ದರೂ ಸಹಿ ಹಾಕುತ್ತಿದ್ದೆ, ಮೇಲಾಗಿ ಸ್ಪರ್ಧೆಯ ದಿನ ಅಲ್ಲಿ ಇಳಿಯುವವರು ನೂರಾರು ಮಕ್ಕಳು.

ಕದಿರಮ್ಮನವರು ಬಾವಿ ಖಾಲಿ ಮಾಡಿದ್ದು ನೀನು ಮುಟ್ಟಿ ನೀರು ಕೆಟ್ಟಿತು ಎಂದು. ನಾನು ಬೇಡ ಎನ್ನುತ್ತಿರುವುದು ನೀರು ಕೆಟ್ಟಿದೆ ಎಂದು. ಈ ಎರಡನ್ನೂ ನೀನು ಒಂದೇ ಎಂದುಕೊಂಡರೆ ಅವರು ಗೆದ್ದ ಹಾಗೆ. ನಿನ್ನ ಮೇಲೆ ಸಿಟ್ಟಿದೆ ನನಗೆ, ಅವರ ಮೇಲಿರುವಂಥದ್ದಲ್ಲ, ಪ್ರೀತಿಯಿಂದ ಬಂದ ಸಿಟ್ಟು. ಅವರು ನಿನ್ನನ್ನು ಒಳ್ಳೆಯ ನೀರಿನಿಂದ ಎಬ್ಬಿಸಿದರು, ನೀನು ಹೋಗಿ ಚರಂಡಿಯಲ್ಲಿ ಮುಳುಗಿದೆ. ನಮ್ಮವರಿಗೆ ಉಳಿಯುವುದು ಯಾವಾಗಲೂ ಆ ಮೂಲೆಯೇ ಯಾಕಾಗಬೇಕು?

ಇನ್ನೊಂದು ವಿಷಯವನ್ನು ಯಾರಿಗೂ ಹೇಳಿಲ್ಲ. ನನಗೆ ಈಜು ಬರುವುದಿಲ್ಲ. ಮನೆಯವರೆಲ್ಲ ನಾನು ಮೀನಿನ ಹಾಗೆ ಎಂದುಕೊಂಡಿದ್ದೀರಿ. ಇಷ್ಟು ವರ್ಷದಲ್ಲಿ ಒಂದು ದಿನವೂ ಲೈಫ್‌ಜಾಕೆಟ್ ಇಲ್ಲದೆ ದೋಣಿ ಹತ್ತಿಲ್ಲ, ಮೊಣಕಾಲಿಗಿಂತ ಆಳಕ್ಕೆ ಇಳಿದಿಲ್ಲ. ಕಲಿಯುವ ವಯಸ್ಸಿನಲ್ಲಿ ಊರಲ್ಲಿದ್ದದ್ದು ಅದೊಂದೇ ಬಾವಿ. ನೀನು ಕೇಳಿದ್ದೆ, ಕಣ್ಣು ಬಿಟ್ಟರೆ ಕಡಲೊಳಗೆ ಏನು ಕಾಣುತ್ತದೆ ಎಂದು. ನನಗೆ ಗೊತ್ತಿಲ್ಲ ಹರಿಣಮ್ಮ.

ಅತ್ತೆ


ಬಡಗುಬೈಲು
16 ಫೆಬ್ರವರಿ 2025

ಹರಿಣಮ್ಮನಿಗೆ,

ನಿನ್ನಿಂದ ಉತ್ತರವಿಲ್ಲ. ತಮಟೆಗೆ ಸಣ್ಣ ತೂತು ಬಿದ್ದಿದೆ, ಔಷಧಿಯಿಂದ ಮಾಗುತ್ತದೆ, ಸದ್ಯ ತಲೆಗೆ ನೀರು ಸೋಕಬಾರದು ಎಂದು ಅಣ್ಣ ಹೇಳಿದ. ನೀನು ಫೋನಿಗೆ ಬರಲಿಲ್ಲ. ಪಾಠ ಓದುತ್ತಿದ್ದಾಳೆ ಎಂದ. ಬರುವುದಿಲ್ಲ ಎಂದಳು ಎನ್ನುವುದು ಅವನ ದನಿಯಲ್ಲೇ ಇತ್ತು.

ಇವತ್ತು ನಿನ್ನ ಸ್ಪರ್ಧೆಯ ಭಾನುವಾರ. ರಜೆಯಿದ್ದರೂ ಬೆಳಿಗ್ಗೆ ದಡಕ್ಕೆ ಹೋದೆ. ಕೆಂಪು ಬುರುಡೆಗಳನ್ನು ಕಟ್ಟಿರಲಿಲ್ಲ. ಮಂಜಿತ್ತು. ಮಂಜಿನೊಳಗೆ ತುಂಬ ಮಕ್ಕಳು ಸಾಲಾಗಿ ನಿಂತಿರುವ ಹಾಗೆ, ಅವರಲ್ಲಿ ಒಬ್ಬಳು ಕಿವಿ ಮುಚ್ಚಿಕೊಂಡು ನನ್ನ ಕಡೆ ಬೆನ್ನು ತಿರುಗಿಸಿ ನಿಂತಿರುವ ಹಾಗೆ ಕಂಡಿತು. ಬಿಸಿಲು ಬಂದ ಮೇಲೆ ಅಲ್ಲಿ ಯಾರೂ ಇರಲಿಲ್ಲ. ನಾನು ಮರಳಿನ ಮೇಲೆ ಕೂತು ಸ್ವಲ್ಪ ಅತ್ತು, ಆಮೇಲೆ ಹೋಗಿ ಇಡ್ಲಿ ತಿಂದೆ.

ದಡದಲ್ಲಿ ಒಂದು ಫಲಕ ಹಾಕಬೇಕು, ಏನು ಬರೆಯಬೇಕು ಹೇಳಿ ಎಂದು ನಗರಾಡಳಿತದವರು ನನ್ನನ್ನೇ ಕೇಳಿದರು. ಅವರು ತಂದ ಕರಡಿನಲ್ಲಿ ಯಾರೂ ನೀರು ಮುಟ್ಟಬಾರದು ಎಂದಿತ್ತು. ಹೊಡೆದು ಹಾಕಿದೆ. ಈ ನೀರು ಮನುಷ್ಯರಿಗೆ ಯೋಗ್ಯವಾಗಿಲ್ಲ, ನಗರದ ಕೊಳಚೆ ಸೇರುತ್ತಿದೆ ಎಂದು ಬರೆದು ಕೊಟ್ಟೆ. ತೋಡಿನ ಬಾಯಿಗೆ ಶುದ್ಧೀಕರಣ ಘಟಕ ಹಾಕುವ ಮಾತು ಈಗ ನಡೆದಿದೆ. ಸ್ಪರ್ಧೆ ನಿಂತ ಮೇಲೆ ಊರಿಗೆ ಸಿಟ್ಟು ಬಂದಿದೆ. ಅದು ಒಳ್ಳೆಯದು.

ನೀನು ಮುಂದೆ ಯಾವ ನೀರಿಗೆ ಇಳಿಯುವುದಾದರೂ ಮೊದಲು ನನಗೆ ಕಳಿಸು. ಕುದಿಸಿದ ಗಾಜಿನ ಬಾಟಲಿ, ಸುತ್ತ ಐಸು, ಒಂದೇ ದಿನದಲ್ಲಿ ತಲುಪಬೇಕು. ಕಾಗದ ಬರೆಯದಿದ್ದರೂ ಪರವಾಗಿಲ್ಲ.

ಅತ್ತೆ


ಬಡಗುಬೈಲು
30 ಮಾರ್ಚ್ 2025

ಹರಿಣಮ್ಮನಿಗೆ,

ಕಳೆದ ವಾರ ಬೆಳಗಿನ ಬಸ್ಸಿನಲ್ಲಿ ಐಸಿನ ಡಬ್ಬಿ ಬಂದಾಗ ಒಳಗೆಲ್ಲ ಹುಡುಕಿದೆ, ಒಂದು ಸಾಲೂ ಇರಲಿಲ್ಲ. ಬಾಟಲಿಯ ಮೇಲೆ ನಿನ್ನ ಕೈಬರಹದಲ್ಲಿ "ಆವಲಪ್ಪನವರ ಬಾವಿ" ಎಂದಷ್ಟೇ ಇತ್ತು. ಈ ಸಲ ಸುಳ್ಳಲ್ಲ ಎಂದು ನೀರು ನೋಡಿಯೇ ತಿಳಿಯಿತು.

ಎರಡೆರಡು ಸಲ ಪರೀಕ್ಷೆ ಮಾಡಿದೆ. ಅಕ್ಕಪಕ್ಕದ ಕಡಲ ನೀರಿನ ಬಾಟಲಿಗಳೆಲ್ಲ ಮಸುಕಾಗಿದ್ದವು, ನಿನ್ನದು ತಿಳಿಯಾಗಿತ್ತು. ಸ್ವಲ್ಪ ಸುಣ್ಣದ ಅಂಶ ಇದೆ, ನಮ್ಮ ಸೀಮೆಯ ನೀರೆಲ್ಲ ಹಾಗೆಯೇ. ಬೇರೆ ಯಾವ ದೋಷವೂ ಇಲ್ಲ. ಡಾಕ್ಟರು ಒಪ್ಪಿದ ಮೇಲೆ ಈಜಬಹುದು.

ಇಷ್ಟು ವರ್ಷದಲ್ಲಿ ಸಾವಿರಾರು ಸಲ ಸಹಿ ಹಾಕಿದ್ದೇನೆ. ಈ ಸಹಿಯ ಕೆಳಗೆ ನನ್ನ ಹೆಸರನ್ನೂ ಪೂರ್ತಿ ಬರೆದೆ.

ಅತ್ತೆ


ಗೌರಿಬಿದನೂರು
20 ಏಪ್ರಿಲ್ 2025

ಅತ್ತೆ,

ಪರೀಕ್ಷೆ ಮುಗಿದು ಫೋನು ಬೀರುವಿನಿಂದ ಹೊರಗೆ ಬಂದಿದೆ. ಆದರೂ ಕಾಗದವನ್ನೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನೂ ಅಳುತ್ತೇನೆ, ಅಪ್ಪ ಕುರ್ಚಿ ತರುತ್ತಾರೆ.

ತಮಟೆ ಮಾಗಿದೆ. ಕಿವಿಗೆ ಮೇಣದ ಬಿರಡೆ ಹಾಕಿಕೊಂಡರೆ ಈಜಬಹುದು ಎಂದರು ಡಾಕ್ಟರು. ನಿನ್ನ ಮೇಲಿನ ಸಿಟ್ಟು ಕಿವಿಗಿಂತ ನಿಧಾನವಾಗಿ ಮಾಗಿತು, ಅದನ್ನೂ ಹೇಳಿಬಿಡುತ್ತೇನೆ. ನೀನು ಕಳಿಸದೆ ಇಟ್ಟಿದ್ದ ಕಾಗದ ಓದಿ ಓದಿ ಮಡಿಕೆಯಲ್ಲಿ ಹರಿದಿದೆ.

ಪರೀಕ್ಷೆ ಮುಗಿದ ಮೇಲೆ ಅಜ್ಜಿಗೆ ಎಲ್ಲ ಹೇಳಿದೆ. ಅವಳು ಕುಸಿದು ಹೋಗುತ್ತಾಳೆ ಎಂದುಕೊಂಡಿದ್ದೆ. "ನಂಗೊತ್ತಿತ್ತು ಕಣೇ" ಎಂದಳು. "ನೀನು ಸೈಕಲ್ ಆ ದಿಕ್ಕಿಗೆ ತಿರುಗ್ಸೋದ್ ಬಿಟ್ಟಾಗ್ಲೇ ಗೊತ್ತಾಯ್ತು. ಆದ್ರೂ ಎಲ್ಲಾರ್ಗೂ ಹೇಳ್ತಾನೇ ಇದ್ದೆ. ಹೇಳ್ತಾ ಇದ್ರೆ ನೀನು ವಾಪಸ್ ಹೋಗ್ತೀಯ ಅಂತ." ನಾವು ಮೂವರೂ ಒಂದೇ ಮನೆತನದವರು, ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡೇ ಕಾಪಾಡುತ್ತೇವೆ.

ನಿನ್ನೆ ಬೆಳಿಗ್ಗೆ ಬಾವಿಗೆ ಹೋದೆ. ಶೋಭಾ ಜೊತೆಗೆ ಬಂದಳು. ಮಾರ್ಚಿನಲ್ಲಿ ನಾನು ಹೆಸರು ಬರೆದು ಕೊಟ್ಟ ಬಾಟಲಿಗೆ ನೀರು ತುಂಬಿ ಡಬ್ಬಿಯನ್ನು ಬಸ್ಸಿಗೆ ಹಾಕಿದ್ದು ಅವಳೇ. ಕ್ಷಮಿಸು ಎಂದು ಬಾಯಲ್ಲಿ ಹೇಳಿಲ್ಲ, ನಾನೂ ಕೇಳಿಲ್ಲ. ಅಜ್ಜಿ ಆಟೋದಲ್ಲಿ ಬಂದು ಕಟ್ಟೆಯ ಮೇಲೆ ಕೂತಳು. ಹತ್ತುವಾಗ ಒಂದು ಸಲ ಹಿಂದಕ್ಕೆ ನೋಡಿದಳು, ಯಾರಾದರೂ ಕೂಗುತ್ತಾರೇನೋ ಎನ್ನುವ ಹಾಗೆ. ಯಾರೂ ಕೂಗಲಿಲ್ಲ.

ನಾನು ಇಳಿದೆ. ನೀರು ತಣ್ಣಗಿತ್ತು. ಅಂಗಾತ ತೇಲಿದೆ, ಬಾವಿಯ ಬಾಯಿ ಮೇಲೆ ದುಂಡಗೆ ಆಕಾಶ, ಅದರ ಅಂಚಿನಲ್ಲಿ ಅಜ್ಜಿಯ ಮುಖ. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ. ಮೂರು ತಿಂಗಳು ನೀರಿಲ್ಲದೆ ಇದ್ದ ಮೈ ನೀರನ್ನು ಮರೆತಿರಲಿಲ್ಲ.

ಮೇಲೆ ಬಂದಾಗ ಕದಿರಮ್ಮ ಬಂದು ನಿಂತಿದ್ದರು. ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು, ಮೋಟಾರಿನ ಗೂಡಿನ ಕಡೆ ಹೊರಟರು. ಮೊದಲಾಗಿದ್ದರೆ ನಾನು ಓಡಿಬಿಡುತ್ತಿದ್ದೆ. ಈ ಸಲ ಮೆಟ್ಟಿಲ ಮೇಲೆ ಕೂತು ಕೂದಲು ಹಿಂಡಿಕೊಳ್ಳುತ್ತಾ ಅವರಿಗೆ ಹೇಳಿದೆ. "ಮೋಟಾರು ಹಾಕಿ ಅಜ್ಜಿ. ಲ್ಯಾಬಲ್ಲಿ ಟೆಸ್ಟ್ ಮಾಡ್ಸಿದೀನಿ, ಈ ನೀರಲ್ಲಿ ಯಾವ ದೋಷಾನೂ ಇಲ್ವಂತೆ. ಆದ್ರೂ ನಿಮ್ಗೆ ಬೇಕಂದ್ರೆ ಹಾಕಿ. ಹೊಸಾ ನೀರು ಊರ್ಲಿ. ನಾಳೆ ಅದ್ರಲ್ಲೂ ಈಜ್ತೀನಿ."

ಅವರು ಹೋಗಿ ಮೋಟಾರು ಹಾಕಿದರು. ಅಜ್ಜಿ, ಶೋಭಾ, ನಾನು ಅಲ್ಲೇ ಕೂತು ನೀರು ಹೋಗುವುದನ್ನು ನೋಡಿದೆವು.

ಇವತ್ತು ಮತ್ತೆ ಹೋದೆ. ನೀರು ಮೊದಲಿನ ಮಟ್ಟಕ್ಕೇ ಬಂದಿತ್ತು. ಈಜಿದೆ. ಇವತ್ತೂ ಮೋಟಾರು ಹಾಕಿದರು. ನಾಳೆಯೂ ಹೋಗುತ್ತೇನೆ.

ಮೇ ತಿಂಗಳಲ್ಲಿ ರಜೆ ಹಾಕಿ ಬಾ ಅತ್ತೆ. ಲೈಫ್‌ಜಾಕೆಟ್ ತರಬೇಡ, ಸೊಂಟಕ್ಕೆ ಹಗ್ಗ ಕಟ್ಟಿ ನಾನು ಕಲಿಸುತ್ತೇನೆ. ಇಬ್ಬರು ಇಳಿದರೆ ಎಷ್ಟು ಹೊತ್ತು ಮೋಟಾರು ಓಡಿಸುತ್ತಾರೋ ನೋಡೋಣ.

ನಿನ್ನ
ಹರಿಣಿ